ನಿನ್ನೆ ರಾತ್ರಿ ಬರಿಗೈಲಿ ಹೋದ 41 ಮನೆ: 3ನೇ ಕ್ರಾಸ್ ಗುಂಪು

ಮಂಗಳವಾರ, 2 ಏಪ್ರಿಲ್ 2024

ಟೀಚರ್ ಆಂಟಿ, ಮನೆ 27 (ರಾತ್ರಿ 11:52)
ಯಾರೂ ಮಲಗಿಲ್ಲ ಅಂತ ಗೊತ್ತು, ಎಲ್ಲರ ಮನೆ ಲೈಟೂ ಉರೀತಿದೆ. ಅದಕ್ಕೇ ಈಗಲೇ ಕೇಳ್ತಿದೀನಿ. ಟ್ರಾನ್ಸ್‌ಫಾರ್ಮರ್ ಹತ್ರ ಇನ್ನೂ ಹನ್ನೊಂದು ಜನ ಹೆಂಗಸರು ಕೂತಿದಾರೆ. ಬರಕ್ಕೆ ಕೂಲಿ ಕಳ್ಕೊಂಡೋರಿಗೆ ನಮ್ಮ ಸಂಘ ಹಂಚಿದ ರೇಷನ್ ಕಿಟ್‌ಗೆ ಬಂದೋರು. ಕೈಲಿ ಟೋಕನ್ ಇದೆ, ಕಿಟ್ ಇಲ್ಲ. ಜಾವಗಲ್ ಕಡೆ ಹೋಗೋ ಕೊನೆ ಬಸ್ಸೂ ಹೋಯ್ತು. ಕಿಟ್ ಸಿಕ್ಕ ಒಬ್ಬಳ ಚೀಲದ ಹಿಡಿಕೆ ಕಿತ್ತು ಬಂದು ಹಿಟ್ಟೆಲ್ಲ ರಸ್ತೆ ಪಾಲು. ಮೇಲಿನ ಹಿಟ್ಟನ್ನ ಅಂಗೈಲಿ ಬಳಿದು ಸೆರಗಿಗೆ ತುಂಬ್ಕೊಳ್ತಿದಾಳೆ, ಮಣ್ಣು ತಾಗಿದ್ದನ್ನ ಬಿಟ್ಟು. ಹೋದ ವರ್ಷದ ಥರ ಆಗಬಾರದು ಅಂತ ಎರಡು ಮೀಟಿಂಗ್ ಮಾಡಿದ್ದು ಇದಕ್ಕಾ?

ಮೆಡಿಕಲ್ ಭಾಯ್ (11:57)
ಮೇಡಂ, ನಾವು ಕೊಟ್ಟಿದ್ದು 120 ಟೋಕನ್. ಬಂದಿದ್ದು 161. ಹೆಚ್ಚಿನ 41 ಜೆರಾಕ್ಸ್. ಬಿಳಿ ಹಾಳೆ, ಕಪ್ಪು ಅಕ್ಷರ, ಯಾರು ಬೇಕಾದ್ರೂ ತೆಗೆಸಬಹುದಿತ್ತು. ಬಣ್ಣದ ಕಾರ್ಡ್‌ಶೀಟ್ ಮೇಲೆ ಸೀಲ್ ಹೊಡೆದು, ನಂಬರ್ ಪೆನ್ನಲ್ಲಿ ಬರೀರಿ ಅಂತ ಮೊದಲ ಮೀಟಿಂಗ್‌ನಲ್ಲೇ ಹೇಳಿದ್ದೆ.

ಅಧ್ಯಕ್ಷರು (11:59)
ಟೋಕನ್ ಫೋಟೋ ಬೇರೆ ಗುಂಪಿಗೆ ಹಾಕಿದ್ದು ಯಾರು? ಅವರ ಹೆಸರು ಹೇಳಿ ಮೊದಲು.

ಅಧ್ಯಕ್ಷರು (11:59)
ಅದು ಗೊತ್ತಾಗೋವರೆಗೂ ಈ ಗುಂಪಲ್ಲಿ ಬೇರೆ ಮಾತು ಬೇಡ.

ಟೀಚರ್ ಆಂಟಿ, ಮನೆ 27 (ರಾತ್ರಿ 12:03)
ಸಾರ್, ಅವರು ಇನ್ನೂ ರಸ್ತೇಲೇ ಕೂತಿದಾರೆ. ನಮ್ಮ ವರಾಂಡದಲ್ಲಿ ಆರು ಜನಕ್ಕೆ ಜಾಗ ಮಾಡ್ತೀನಿ. ಉಳಿದ ಐದು ಜನಕ್ಕೆ?

ಚಾಚಾ, ಮನೆ 9 (12:05)
ನಮ್ಮನೆಗೆ ಕಳಿಸಮ್ಮ. ಸಹರಿಗೆ (ರಂಜಾನ್ ಉಪವಾಸಕ್ಕೆ ಮುಂಚಿನ ಊಟಕ್ಕೆ) ಹೇಗೂ ನಾಲ್ಕು ಗಂಟೆಗೆ ಒಲೆ ಹಚ್ತಾರೆ, ಎಲ್ಲರಿಗೂ ಆಗುತ್ತೆ.

ಬುಧವಾರ, 3 ಏಪ್ರಿಲ್

ಹಾಲಿನ ಬೂತ್ ಅಣ್ಣ (ಬೆಳಿಗ್ಗೆ 5:41)
ಶುಭೋದಯ. ನಗುವೇ ಆರೋಗ್ಯ. ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಬೆಳ್ಳುಳ್ಳಿ ನೀರು. ಹತ್ತು ಜನಕ್ಕೆ ಕಳಿಸಿ.

ಮನೆ 14 (6:20)
ಅಣ್ಣ, ಇವತ್ತೊಂದು ದಿನ ಇದನ್ನೆಲ್ಲ ಹಾಕಬೇಡಿ.

ಕಿರಾಣಿ ಭಾಯ್ (6:48)
ಒಡೆದ ಚೀಲ ನೋಡ್ದೆ. ಅದು ನೇಯ್ಗೆ ಇಲ್ಲದ ತೆಳು ಚೀಲ, ಹಿಡಿಕೆ ಹತ್ತು ಕಿಲೋಗಿಂತ ಜಾಸ್ತಿ ತಡೆಯಲ್ಲ. ನಾವು ಹಾಕಿದ್ದು ಇಪ್ಪತ್ತೊಂದು ಕಿಲೋ. ಸಾಲದ್ದಕ್ಕೆ ಚೀಲಗಳನ್ನೆಲ್ಲ ತಿರುವಿ ತುಂಬಿದ್ವಿ, ಹೊಲಿಗೆ ಹೊರಗೆ ಬಂತು, ಹಿಡಿಕೆ ಒಳಗೆ ಮಡಚಿ ಎಳೆಯೋ ಹಾಗಾಯ್ತು. ಕಿತ್ತುಕೊಳ್ಳದೆ ಇನ್ನೇನು?

ಮನೆ 31 (6:55)
ತಿರುವಿ ಯಾಕೆ ತುಂಬಿದ್ರಿ?

ಕಿರಾಣಿ ಭಾಯ್ (6:57)
ಚೀಲದ ಮೇಲೆ ಅಧ್ಯಕ್ಷರ ಫೋಟೋ ಇತ್ತಲ್ಲ.

ಅಧ್ಯಕ್ಷರು (7:02)
ಚೀಲಕ್ಕೆ ನನ್ನ ಕೈಯಿಂದ ದುಡ್ಡು ಹಾಕಿದೀನಿ. ಸಂಘದ ಹೆಸರಿನ ಜೊತೆ ಫೋಟೋ ಇದ್ದರೆ ತಪ್ಪೇನು? ಹನ್ನೆರಡು ವರ್ಷದಿಂದ ಈ ಬೀದಿಗೆ ದುಡಿದಿದೀನಿ. ಯುಜಿಡಿ, ಒಳಚರಂಡಿ, ಯಾರು ತಂದಿದ್ದು?

ಮೆಡಿಕಲ್ ಭಾಯ್ (7:06)
ತಪ್ಪು ಅಂತ ಅಲ್ಲ ಸಾರ್. ಮಾರ್ಚ್ 16ರಿಂದ ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿದೆ, 26ಕ್ಕೆ ನಮ್ಮಲ್ಲಿ ಮತದಾನ. ಈಗ ಗಾಡೀಲಿ ಫೋಟೋ ಇರೋ ರೇಷನ್ ಚೀಲ ಸಿಕ್ಕರೆ ಚೆಕ್‌ಪೋಸ್ಟ್‌ನಲ್ಲಿ ಮಾಲು ಇಳಿಸ್ಕೊಳ್ತಾರೆ. ಚೀಲದ ಮೇಲೆ ಫೋಟೋ, ಹೆಸರು ಏನೂ ಇರಬಾರದು. ಗಾಡೀಲಿ ಮಾಲಿನ ಬಿಲ್ಲು, ಪಡೆಯೋರ ಪಟ್ಟಿ, ಚುನಾವಣಾಧಿಕಾರಿ ಕಚೇರಿಗೆ ಕೊಟ್ಟ ಪತ್ರದ ಪ್ರತಿ, ಮೂರೂ ಇರಬೇಕು. ನಗದು 50,000 ದಾಟಿದರೆ ಅದಕ್ಕೂ ದಾಖಲೆ ಕೇಳ್ತಾರೆ.

ಅಧ್ಯಕ್ಷರು (7:08)
ಬರ ಪರಿಹಾರ ಸರ್ಕಾರದ ಕೆಲಸ. ನಾವು ಯಾಕೆ ಮೈಮೇಲೆ ಎಳ್ಕೋಬೇಕು?

ಟೀಚರ್ ಆಂಟಿ, ಮನೆ 27 (7:15)
ಸರ್ಕಾರ 236ರಲ್ಲಿ 223 ತಾಲ್ಲೂಕನ್ನ ಬರಪೀಡಿತ ಅಂತ ಘೋಷಿಸಿದೆ. ಬೆಳೆ ಪರಿಹಾರದ ಮೊದಲ ಕಂತು ಅಂತ ರೈತರ ಖಾತೆಗೆ 2,000 ರೂ.ವರೆಗೆ ಬಂತು. ಆದರೆ ಅದು ಪಹಣಿ ಇರೋರಿಗೆ. ನಿನ್ನೆ ಬಂದೋರಲ್ಲಿ ಹೆಚ್ಚಿನವರು ಇನ್ನೊಬ್ಬರ ತೋಟದಲ್ಲಿ ಕಾಯಿ ಸುಲಿಯೋರು, ರಾಗಿ ಕೊಯ್ಲಿಗೆ ಹೋಗೋರು. ಹೋದ ಆಗಸ್ಟಲ್ಲಿ ಮಳೆ ಕೈ ಕೊಟ್ಟು ರಾಗಿ ತೆನೆ ಕಟ್ಟಲಿಲ್ಲ, ಕೊಯ್ಲಿನ ಕೂಲಿಯೂ ಹೋಯ್ತು. ಬೆಳೆದವನಿಗೆ ನಷ್ಟದ ಲೆಕ್ಕ ಇದೆ, ಕೂಲಿಯವಳಿಗೆ ಯಾವ ಲೆಕ್ಕವೂ ಇಲ್ಲ. ಜೆರಾಕ್ಸ್ ತಂದೋರನ್ನ ಕಳ್ಳರು ಅನ್ನಬೇಡಿ. ನಮ್ಮ ಪಟ್ಟೀಲಿ ಇದ್ದಿದ್ದು ನಮಗೆ ಪರಿಚಯ ಇದ್ದೋರು ಮಾತ್ರ. ಹಸಿವು ಪರಿಚಯ ನೋಡಿ ಬರಲ್ಲ.

ಮನೆ 31 (7:19)
ನರೇಗಾ ಕೂಲಿ ಮೊನ್ನೆ 1ನೇ ತಾರೀಕಿಂದ 349 ಆಗಿದೆಯಲ್ಲ? ಅಲ್ಲಿಗೆ ಹೋಗಲಿ.

ಟೀಚರ್ ಆಂಟಿ, ಮನೆ 27 (7:22)
ಹೋಗ್ತಾರೆ. ದುಡ್ಡು ಖಾತೆಗೆ ಬರೋಕೆ ವಾರಗಟ್ಟಲೆ ಆಗುತ್ತೆ, ಅಲ್ಲೀತನಕ ತಿನ್ನೋದೇನು ಅನ್ನೋದೇ ಪ್ರಶ್ನೆ.

(ಈ ಸಂದೇಶವನ್ನು ಅಳಿಸಲಾಗಿದೆ)

ಅಧ್ಯಕ್ಷರು (7:31)
ಅಳಿಸಿದ್ದು ಯಾರು? ಧೈರ್ಯ ಇದ್ದರೆ ಮತ್ತೆ ಹಾಕಿ.

ಕಿರಾಣಿ ಭಾಯ್ (8:10)
41 ಮನೆಗೆ ಹೊಸದಾಗಿ ತುಂಬೋದಾದ್ರೆ ನನ್ನ ಲೆಕ್ಕ ಇದು. ಐದು ಜನಕ್ಕೆ ಹದಿನೈದು ದಿನ. ಅಕ್ಕಿ ಬೇಡ. ಅನ್ನಭಾಗ್ಯದಲ್ಲಿ ತಲೆಗೆ 5 ಕಿಲೋ ಬರುತ್ತೆ, ಉಳಿದ 5 ಕಿಲೋಗೆ 170 ರೂ. ಖಾತೆಗೆ ಬರುತ್ತೆ. ನಾವೂ ಅಕ್ಕಿ ಕೊಟ್ಟರೆ ಬೇಳೆ ಎಣ್ಣೆಗಾಗಿ ಅದನ್ನೇ ಅರ್ಧ ಬೆಲೆಗೆ ಮಾರ್ಕೊಳ್ತಾರೆ. ರಾಗಿ ಹಿಟ್ಟು 10 ಕಿಲೋ, ಅಂದ್ರೆ ದಿನಕ್ಕೆ ತಲೆಗೊಂದು ಮುದ್ದೆ. ಬೇಳೆ ತಲೆಗೆ ದಿನಕ್ಕೆ 40 ಗ್ರಾಂ ಹಿಡಿದ್ರೂ 3 ಕಿಲೋ. ಎಣ್ಣೆ 2 ಲೀಟರ್, ಬೆಲ್ಲ 1, ಉಪ್ಪು 1, ಈರುಳ್ಳಿ 3, ಖಾರದಪುಡಿ ಕಾಲು, ಖರ್ಜೂರ ಅರ್ಧ, ಟೀಪುಡಿ ಕಾಲು. ಅಂಗಡಿ ಅಸಲಿಗೆ 1,469 ರೂ. 41ಕ್ಕೆ 60,229.

ಕಿರಾಣಿ ಭಾಯ್ (8:14)
ಬೇಳೇಲಿ ಒಂದು ಬದಲಾವಣೆ. ಮೂರೂ ಕಿಲೋ ತೊಗರಿ ಬೇಡ. ಅರಸೀಕೆರೆ ಕಡೆ ಆಳದ ಬೋರ್ ನೀರು ಗಡಸು, ತೊಗರಿ ಎಷ್ಟು ಕುದಿಸಿದ್ರೂ ಕಲ್ಲಿನ ಹಾಗೆ ನಿಲ್ಲುತ್ತೆ, ಸೌದೆ ಖರ್ಚು. ಒಂದೂವರೆ ತೊಗರಿ, ಒಂದೂವರೆ ಹೆಸರುಬೇಳೆ. ಹೆಸರುಬೇಳೆ ಬೇಗ ಬೇಯುತ್ತೆ. ಎಣ್ಣೆ ಪೌಚಲ್ಲಿ 910 ಗ್ರಾಂ (ಪೂರ್ತಿ ಒಂದು ಲೀಟರ್) ಅಂತ ಇದೆಯಾ ಓದಿ ತಗೋಬೇಕು. 850 ಗ್ರಾಮಿನದ್ದೂ ನೋಡೋಕೆ ಅದೇ ಗಾತ್ರ, ಈ ಸಲ ನಮಗೆ ಬಂದಿದ್ದು ಅದೇ.

ಮನೆ 14 (8:20)
ಎಣ್ಣೆ ಯಾರು ತಂದಿದ್ದು?

ಮನೆ 31 (8:21)
ಖಜಾಂಚಿ ಸಾರ್.

ಖಜಾಂಚಿ (8:40)
ರೇಟ್ ಕಮ್ಮಿ ಇತ್ತು ಅಂತ ತಂದೆ. ಗ್ರಾಂ ನೋಡಲಿಲ್ಲ. ನನ್ನದೇ ತಪ್ಪು.

ಅಧ್ಯಕ್ಷರು (8:41)
120 ಕಿಟ್, 240 ಪೌಚು, ಪೌಚಿಗೆ 60 ಗ್ರಾಂ. 14 ಕಿಲೋ 400 ಗ್ರಾಂ ಎಣ್ಣೆ ಎಲ್ಲಿ ಹೋಯ್ತು? ಲೆಕ್ಕಪತ್ರ ಇವತ್ತೇ ಬೇಕು.

ಮನೆ 22 (8:44)
ಮುದ್ದೆ ಒಂದೇ ಆದ್ರೆ ಹೇಗೆ, ಬಸ್ಸಾರೂ ಕಿಟ್‌ಗೆ ಹಾಕಿ!

ಕಿರಾಣಿ ಭಾಯ್ (8:50)
ನಗೋ ಮಾತಾದ್ರೂ ಒಳ್ಳೇದೇ ನೆನಪಿಸಿದ್ರಿ. ಹುರುಳಿಕಾಳು ಒಂದು ಕಿಲೋ ಸೇರಿಸಬಹುದು, ಅಲ್ಲಿಯವರ ನಾಲಿಗೆಗೆ ಹಿಡಿಸುತ್ತೆ. ಆದರೆ ರಾತ್ರಿಯೆಲ್ಲ ನೆನೆಹಾಕಬೇಕು, ನೀರೂ ಸೌದೆಯೂ ಜಾಸ್ತಿ. ಹಳ್ಳಿ ಮನೆಗೆ ಸರಿ, ರಿಂಗ್ ರೋಡ್ ಶೆಡ್ಡಲ್ಲಿರೋ ಸಿಮೆಂಟ್ ಕೆಲಸದೋರಿಗೆ ಬೇಡ.

ಚಾಚಾ, ಮನೆ 9 (9:30)
ದುಡ್ಡಿನ ವಿಷಯ. ಈ ಸಲ ಜಕಾತ್ (ಕಡ್ಡಾಯ ದಾನ), ಫಿತ್ರಾ (ಹಬ್ಬದ ದಾನ), ಸದಕಾ (ಇಷ್ಟಪಟ್ಟು ಕೊಡೋ ದಾನ), ಬೇರೆ ಮನೆಯವರು ಪ್ರೀತಿಯಿಂದ ಕೊಟ್ಟಿದ್ದು, ಎಲ್ಲ ಒಂದೇ ಡಬ್ಬಿಗೆ ಬಿತ್ತು. ಹಾಗಾಗಬಾರದು. 612 ಗ್ರಾಂ ಬೆಳ್ಳಿಯ ಬೆಲೆಯಷ್ಟು ಉಳಿತಾಯ ಒಂದು ಚಂದ್ರವರ್ಷ ಇದ್ದರೆ ಅದರಲ್ಲಿ ನೂರಕ್ಕೆ ಎರಡೂವರೆ ಜಕಾತ್, ಲಕ್ಷಕ್ಕೆ 2,500. ಅದು ಬಡವರ ಕೈಗೇ ಸೇರಿ ಅವರದ್ದೇ ಆಗಬೇಕು. ಗಾಡಿ ಬಾಡಿಗೆ, ಹಮಾಲಿ, ಚೀಲ, ನೀರಿನ ಟ್ಯಾಂಕರ್, ಇದಕ್ಕೆಲ್ಲ ಜಕಾತ್ ಮುಟ್ಟೋ ಹಾಗಿಲ್ಲ. ಪಡೆಯೋರು ಯಾರು ಅನ್ನೋದಕ್ಕೂ ಅದರಲ್ಲಿ ನಿಯಮ ಇದೆ. ಸದಕಾಕ್ಕೆ ಆ ಕಟ್ಟು ಇಲ್ಲ, ಯಾವ ಜಾತಿ ಧರ್ಮದ ಹಸಿದೋರಿಗೂ ಕೊಡಬಹುದು. ಫಿತ್ರಾ ಹಬ್ಬದ ನಮಾಜಿಗೆ ಮುಂಚೆ ತಲುಪಬೇಕು. ಆದ್ದರಿಂದ ಜಕಾತಿಗೆ, ಫಿತ್ರಾಕ್ಕೆ, ಉಳಿದಿದ್ದಕ್ಕೆ ಅಂತ ಮೂರು ಪುಸ್ತಕ, ಮೂರು ಲೆಕ್ಕ. ಕಿಟ್ ಮಾತ್ರ ಎಲ್ಲರಿಗೂ ಒಂದೇ, ಅದರಲ್ಲಿ ಕೂದಲೆಳೆ ವ್ಯತ್ಯಾಸವೂ ಬೇಡ.

ಖಜಾಂಚಿ (9:46)
ಚಾಚಾ, ಬಾಡಿಗೆಗೆ ದುಡ್ಡಿಲ್ಲದೆ ಗಾಡಿ ಬಿಟ್ಟು ಬೀದೀಲೇ ಹಂಚಿದ್ದು ಇದೇ ಕಾರಣಕ್ಕೆ. ಡಬ್ಬೀಲಿ ಹೆಚ್ಚಿನದ್ದು ಜಕಾತ್. ಸಾಮಾನ್ಯ ನಿಧೀಲಿ ಈಗ 9,300 ಇದೆ.

ಮೆಡಿಕಲ್ ಭಾಯ್ (9:55)
ಹಂಚೋದು ಇನ್ನು ಬೀದೀಲಿ ಬೇಡ. ಮನೆ ಬಾಗಿಲಿಗೇ ಹೋಗಬೇಕು. 41 ಕಿಟ್ ಅಂದ್ರೆ 861 ಕಿಲೋ, ಏಸ್ ಗಾಡಿ (ಸಣ್ಣ ಗೂಡ್ಸ್ ಗಾಡಿ) ಹೊರೋದು 750. ಎರಡು ಟ್ರಿಪ್. ಮೊದಲು ರಿಂಗ್ ರೋಡ್ ಶೆಡ್‌ಗಳು, ಆಮೇಲೆ ಜಾವಗಲ್, ಬಾಣಾವರ ಕಡೆ. ಒಂದು ಕಿಟ್ ಎರಡು ಚೀಲಕ್ಕೆ ಒಡೆಯಿರಿ, ಒಂದರಲ್ಲಿ ಹಿಟ್ಟು, ಇನ್ನೊಂದರಲ್ಲಿ ಉಳಿದಿದ್ದು. ಹಳೇ ಅಕ್ಕಿ ಚೀಲ ತೊಳೆದು ಒಣಗಿಸಿದ್ರೆ ಸಾಕು. ಪಟ್ಟೀಲಿ ರೇಷನ್ ಕಾರ್ಡಿನ ಕೊನೆ ನಾಲ್ಕು ಅಂಕಿ ಬರ್ಕೊಳ್ಳಿ, ಎರಡು ಸಲ ಹೋಗಲ್ಲ.

ಟೀಚರ್ ಆಂಟಿ, ಮನೆ 27 (10:02)
ಶೆಡ್‌ನೋರ ರೇಷನ್ ಕಾರ್ಡ್ ಊರಿನದ್ದು, ಇಲ್ಲಿ ಅಕ್ಕಿ ಸಿಗಲ್ಲ ಅಂತ ಸುಮ್ಮನಿದಾರೆ. ರಾಜ್ಯದ ಯಾವ ನ್ಯಾಯಬೆಲೆ ಅಂಗಡೀಲಾದ್ರೂ ಬೆರಳೊತ್ತಿ ತಗೋಬಹುದು. ಸಿಮೆಂಟ್ ಕೆಲಸದೋರ ಬೆರಳು ಸವೆದು ಯಂತ್ರ ಓದಲ್ಲ, ಆಗ ಕಾರ್ಡಲ್ಲಿರೋ ಬೇರೆ ಸದಸ್ಯರ ಬೆರಳು ಕೊಡಬೇಕು. ಯಾರಾದ್ರೂ ಜೊತೆಗೆ ಹೋದ್ರೆ ಅರ್ಧ ಕಷ್ಟ ಕಳೆಯುತ್ತೆ. ನಾನು ಶನಿವಾರ ಬರ್ತೀನಿ.

ಮನೆ 31 (10:15)
ನಿನ್ನೆ ಹಿಟ್ಟು ಮುಗ್ಗಲು ವಾಸನೆ ಇತ್ತಂತೆ?

ಕಿರಾಣಿ ಭಾಯ್ (10:21)
ಇತ್ತು. ಮಿಲ್ಲಿಂದ ಬಂದ ಹಿಟ್ಟು ಬಿಸಿ ಇರುತ್ತೆ. ಬಿಸಿ ಇರುವಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿದ್ರಿಂದ ಒಳಗೇ ಬೆವರಿ ಗಂಟು ಕಟ್ತು. ಟಾರ್ಪಲ್ ಮೇಲೆ ನಾಲ್ಕು ಬೆರಳಿಗಿಂತ ದಪ್ಪ ಆಗದ ಹಾಗೆ ಹರಡಿ, ರಾತ್ರಿಯೆಲ್ಲ ಆರಬೇಕು. ಬೆಳಿಗ್ಗೆ ಒಂದು ಹಿಡಿ ತಗೊಂಡು ಬಿಗಿಯಾಗಿ ಹಿಸುಕಿ ಬಿಡಿ. ಉಂಡೆ ನಿಲ್ಲದೆ ಬೆರಳ ಸಂದೀಲಿ ಜಾರಿದ್ರೆ ತುಂಬಬಹುದು, ಉಂಡೆ ನಿಂತರೆ ಇನ್ನೂ ಹಸಿ. ರಂಜಾನ್ ಹಬ್ಬಕ್ಕೆ ಉಳಿದಿರೋದು ಏಳೋ ಎಂಟೋ ದಿನ. ನಾಲ್ಕು ಕ್ವಿಂಟಾಲ್ ಹತ್ತು ಕಿಲೋ ಇವತ್ತೇ ಬೀಸಿಸ್ತೀನಿ. ಹರಡೋಕೆ ಜಾಗ ಬೇಕು, ಸಂಘದ ಹಾಲ್ ಬೀಗದ ಕೈ ಕೊಡಿ.

ಅಧ್ಯಕ್ಷರು (10:30)
ಹಾಲ್ ಕೊಡೋದು ಕಮಿಟಿ ತೀರ್ಮಾನ. ಮೊದಲು ಟೋಕನ್ ವಿಷಯ, ಎಣ್ಣೆ ವಿಷಯ ಮುಗೀಲಿ. ಭಾನುವಾರ ಸಭೆ ಕರೀತೀನಿ.

ಟೀಚರ್ ಆಂಟಿ, ಮನೆ 27 (10:32)
ಭಾನುವಾರದ ಹೊತ್ತಿಗೆ ಐದು ದಿನ ಹೋಗಿರುತ್ತೆ ಸಾರ್. ಕೈ ಮುಗಿದು ಕೇಳ್ತೀನಿ, ಬೀಗದ ಕೈ ಕೊಡಿ.

ಮನೆ 22 (10:40)
ನಮ್ಮ ಬೀದಿಗೆ ಆರು ದಿನದಿಂದ ಹೇಮಾವತಿ ನೀರೇ ಬಂದಿಲ್ಲ. ಅದರ ಬಗ್ಗೆ ಯಾರೂ ಮಾತಾಡ್ತಿಲ್ಲ.

ಮನೆ 14 (10:41)
ಹೌದು. ನಮ್ಮ ಸಂಪು ತಳ ಕಂಡಿದೆ.

ಅಧ್ಯಕ್ಷರು (10:43)
ಇದು ಸರಿಯಾದ ಪ್ರಶ್ನೆ. ನಮ್ಮ ಮನೆಗೇ ನೀರಿಲ್ಲದೆ ಊರಿಗೆಲ್ಲ ಹಂಚೋದು ಹೇಗೆ? ಸಾಮಾನ್ಯ ನಿಧಿಯ 9,300ರಲ್ಲಿ ಟ್ಯಾಂಕರ್ ತರಿಸೋಣ. 5,000 ಲೀಟರಿಂದು. ಬೇಕಾದೋರು ಮನೆ ನಂಬರ್ ಹಾಕಿ.

ಖಜಾಂಚಿ (10:45)
ಅದು ಏಸ್ ಗಾಡಿ ಬಾಡಿಗೆಗೆ ಇಟ್ಟಿದ್ದು ಸಾರ್.

ಮನೆ 31 (10:46)
31

ಮನೆ 14 (10:46)
14

ಮನೆ 22 (10:46)
22, ಎರಡು ಡ್ರಮ್ ಹೆಚ್ಚಿಗೆ ಬೇಕು.

ಹಾಲಿನ ಬೂತ್ ಅಣ್ಣ (10:48)
ಬೂತ್‌ಗೂ ಒಂದು.

ಚಾಚಾ, ಮನೆ 9 (ಮಧ್ಯಾಹ್ನ 1:10)
ಕಿರಾಣಿ ಭಾಯ್, ಹಾಲ್ ಸಿಗದಿದ್ರೆ ನಮ್ಮ ಮಹಡಿ ಮೇಲೆ ಹರಡು. ಶೀಟ್ ಇದೆ, ನೆರಳಿದೆ.

ಕಿರಾಣಿ ಭಾಯ್ (ರಾತ್ರಿ 9:34)
ಚಾಚಾ ಮನೆ ಮಹಡೀಲಿ ಹಿಟ್ಟು ಹರಡಿದೀನಿ. ನಾಳೆ ಬೆಳಿಗ್ಗೆ ಆರಕ್ಕೆ ತೂಕ ಹಾಕಿ ತುಂಬೋಕೆ ಇಬ್ಬರು ಬೇಕು. ಏಸ್ ಗಾಡಿಗೆ ಯಾರಾದ್ರೂ ಹೇಳಿದೀರಾ?

ಮನೆ 22 (9:36)
ಟ್ಯಾಂಕರ್ ಎಷ್ಟು ಗಂಟೆಗೆ ಬರುತ್ತೆ?

ಅಧ್ಯಕ್ಷರು (9:37)
ಬೆಳಿಗ್ಗೆ ಆರಕ್ಕೆ. ಎಲ್ಲರೂ ಗೇಟ್ ಹತ್ರ ಇರಿ.

ಟೀಚರ್ ಆಂಟಿ, ಮನೆ 27 (9:41)
ಕಿರಾಣಿ ಭಾಯ್, ನಾನು ಬರ್ತೀನಿ. ಇನ್ನೊಬ್ಬರು ಯಾರು?