ಸಹಾಯ ಬೇಕು: 5 ಕಿಲೋವ್ಯಾಟ್ ಲೋಡ್‌ನಲ್ಲಿ ಎಲೆಕ್ಟ್ರಿಕ್ ಕಾರ್ ಚಾರ್ಜರ್

ತುಮಕೂರು, ಶಿರಾ ಗೇಟ್ ಕಡೆ ಮನೆ. ಸಿಂಗಲ್ ಫೇಸ್, ಮಂಜೂರಾದ ಲೋಡ್ 5 ಕಿಲೋವ್ಯಾಟ್, ಮೇನ್ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ಕರೆಂಟ್ ಕಡಿಯೋ ಸ್ವಿಚ್) 32 ಆಂಪ್. ಚಾರ್ಜರ್ 7.2 ಕಿಲೋವ್ಯಾಟ್‌ದು, ಸೆಟ್ಟಿಂಗ್‌ನಲ್ಲಿ 16 ಆಂಪ್‌ಗೆ ಇಳಿಸಿದೆ, ಅಂದ್ರೆ ಸುಮಾರು 3.7 ಕಿಲೋವ್ಯಾಟ್. ಪ್ರತ್ಯೇಕ ವೈರ್, ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಕಡಿಯೋ ಸ್ವಿಚ್), ಅರ್ಥಿಂಗ್ ಸರಿ ಇವೆ.

ರಾತ್ರಿ 11ರ ಮೇಲೆ ಟೈಮರ್ ಇಟ್ರೆ ತೊಂದರೇನೇ ಇಲ್ಲ. ಸಂಜೆ ಅರ್ಜೆಂಟಾಗಿ ಹಾಕಿದಾಗ ಗೀಸರ್ 9 ಆಂಪ್ ಎಳೆಯುತ್ತೆ, ಅಲ್ಲಿಗೇ 5 ಕಿಲೋವ್ಯಾಟ್ ದಾಟಿತು. ಅದರ ಮೇಲೆ 1 ಎಚ್‌ಪಿ ಮೋಟಾರ್ ಸ್ಟಾರ್ಟ್ ಆದ್ರೆ ಮೇನ್ ಟ್ರಿಪ್. ದೊಡ್ಡ ಎಂಸಿಬಿ ಹಾಕಿ ಅನ್ನಬೇಡಿ, ಮೀಟರ್‌ನಿಂದ ಬರೋ ವೈರ್ ಬಿಸಿಯಾಗುತ್ತೆ.

ಮೇನ್ ಫೇಸ್‌ಗೆ ಸಿಟಿ ಸೆನ್ಸರ್ (ವೈರ್‌ನಲ್ಲಿ ಎಷ್ಟು ಕರೆಂಟ್ ಹರೀತಿದೆ ಅಂತ ಅಳೆಯೋ ಸಾಧನ) ಹಾಕಿದ್ರೆ ಮನೆ ಲೋಡ್ ಏರಿದಾಗ ಚಾರ್ಜರ್ ತಾನೇ 6 ಆಂಪ್‌ವರೆಗೆ ಇಳಿಯುತ್ತೆ. ಗೊಂದಲ ಇರೋದು ಇಲ್ಲೇ: ಲೋಡ್ ಲೆಕ್ಕಕ್ಕೆ ಚಾರ್ಜರ್ ಮೇಲೆ ಬರೆದ 7.2 ತಗೋತಾರಾ, ಸೆಟ್ ಮಾಡಿದ ಮಿತಿ ತಗೋತಾರಾ? ಸೆನ್ಸರ್ ಇದ್ರೆ 5ರಲ್ಲೇ ಇರಬಹುದಾ, ಇಲ್ಲಾ ಥ್ರೀ ಫೇಸ್‌ಗೆ ಅರ್ಜಿ ಹಾಕಲೇಬೇಕಾ? ಬೆಸ್ಕಾಂ ವ್ಯಾಪ್ತೀಲಿ ಮಾಡಿಸಿದವರು ದಯವಿಟ್ಟು ಹೇಳಿ.