ಜಗಲಿಯಲ್ಲಿ ಸೇದಿದ ಬೀಡಿಯ ಹೊಗೆ ಅಸ್ತಮಾ ಇರುವ ಮಗುವಿಗೆ ತಟ್ಟುತ್ತದೆಯೇ?

ಪ್ರಶ್ನೆ: ಬೆಣ್ಣೆನಗರಿ
ನಮ್ಮದು ದಾವಣಗೆರೆ ಸಮೀಪದ ಹಳ್ಳಿಯ ಕೂಡುಕುಟುಂಬ. ಒಂದನೇ ತರಗತಿಯಲ್ಲಿರುವ ಮಗನಿಗೆ ಅಸ್ತಮಾ ಇದೆಯೆಂದು ಮಕ್ಕಳ ವೈದ್ಯರು ಸ್ಪೇಸರ್ ಎಂಬ ಜೋಡಣೆ ಕೊಳವೆಯ ಮೂಲಕ ತೆಗೆದುಕೊಳ್ಳುವ ಇನ್‌ಹೇಲರ್ ಬರೆದುಕೊಟ್ಟಿದ್ದಾರೆ. ಔಷಧ ತಪ್ಪಿಸುತ್ತಿಲ್ಲ, ಆದರೂ ರಾತ್ರಿಯ ಕೆಮ್ಮು ನಿಂತಿಲ್ಲ, ಬೆಳಗಿನ ಜಾವ ಎದೆಯಲ್ಲಿ ಸುಯ್‌ಗುಟ್ಟುವ ಸದ್ದು ಕೇಳಿಸುತ್ತದೆ. ಮಾವನವರು ಬೀಡಿ ಸೇದುತ್ತಾರೆ. ಮೊಮ್ಮಗನೆಂದರೆ ಅವರಿಗೆ ಪ್ರಾಣ. ಹಾಗಾಗಿ ಒಳಗೆ ಸೇದುವುದನ್ನು ಬಿಟ್ಟು ಜಗಲಿಯ ಮೇಲೆ, ತೆರೆದ ಬಾಗಿಲ ಪಕ್ಕದಲ್ಲಿ ಕುಳಿತು ಸೇದಿ, ಮುಗಿದ ಕೂಡಲೇ ಒಳಗೆ ಬಂದು ಅವನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಇಷ್ಟು ಅಂತರ ಸಾಕೇ? ಸೊಸೆಯಾದ ನಾನು ಈ ಮಾತನ್ನು ಹೇಗೆ ಎತ್ತಲಿ?

ಉತ್ತರ: ಶ್ವಾಸಕೋಶ ವಿಭಾಗದ ಶುಶ್ರೂಷಕಿ
ಸಾಲದು. ಸುತ್ತಲಿನವರ ಉಸಿರಿಗೆ ಸೇರುವ ಹೊಗೆಯಲ್ಲಿ ಸೇದಿ ಬಿಟ್ಟದ್ದಕ್ಕಿಂತ ಉರಿಯುವ ತುದಿಯಿಂದ ತಾನಾಗಿ ಏಳುವುದೇ ಹೆಚ್ಚು. ಮಕ್ಕಳ ಶ್ವಾಸನಾಳ ಕಿರಿದು, ಉಸಿರಾಟ ದೊಡ್ಡವರಿಗಿಂತ ವೇಗ. ಅಸ್ತಮಾ ಇರುವ ಮಗುವಿನಲ್ಲಿ ಆ ನಾಳದ ಒಳಪದರ ಮೊದಲೇ ಊದಿಕೊಂಡಿರುವುದರಿಂದ, ಹೊಗೆ ತಾಕಿದಾಗ ಸುತ್ತಲಿನ ಸ್ನಾಯು ಬಿಗಿದು, ಲೋಳೆ ಹೆಚ್ಚಿ, ಗಾಳಿಯ ದಾರಿ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಒಂದು ಕಡೆ ಔಷಧ ಊತ ಇಳಿಸುತ್ತಿದ್ದರೆ ಇನ್ನೊಂದು ಕಡೆ ಹೊಗೆ ಅದನ್ನು ಏರಿಸುತ್ತಿರುತ್ತದೆ.

ಜಗಲಿಯ ಪ್ರಶ್ನೆಗೆ ನೇರ ಉತ್ತರ ಸ್ವೀಡನ್ನಿನಿಂದ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿದೆ. ನಿಕೋಟಿನ್ ದೇಹದಲ್ಲಿ ಕೊಟಿನಿನ್ ಆಗಿ ಮಾರ್ಪಟ್ಟು ಮೂತ್ರದಲ್ಲಿ ಸಿಗುತ್ತದೆ. ಹೊರಗೆ ಹೋಗಿ ಬಾಗಿಲು ಮುಚ್ಚಿಕೊಂಡು ಸೇದುವವರ ಮಕ್ಕಳಲ್ಲಿಯೂ ಅದರ ಪ್ರಮಾಣ, ಯಾರೂ ಸೇದದ ಮನೆಯ ಮಕ್ಕಳಿಗಿಂತ ಸುಮಾರು ಎರಡು ಪಟ್ಟು ಇತ್ತು. ಮನೆಯೊಳಗೆ ಸೇದುವವರ ಮಕ್ಕಳಲ್ಲಿ ಸುಮಾರು ಹದಿನೈದು ಪಟ್ಟು. ಅಂದರೆ ಮಾವನವರು ಹೊರಗೆ ಹೋದದ್ದು ವ್ಯರ್ಥವಲ್ಲ, ಆದರೆ ಬಾಗಿಲು ತೆರೆದಿರುವವರೆಗೆ ಒಳಗಿನ ಗಾಳಿ ಶುದ್ಧವಲ್ಲ. ಹೊಗೆಯ ಅಂಶ ಅಂಗಿ, ಟವೆಲ್, ಮೀಸೆಗೂ ಅಂಟಿರುತ್ತದೆ. ಅಂಗಿ ಬದಲಿಸಿ ಕೈಬಾಯಿ ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಲಿ.

ಉತ್ತರ: ಹಳೆಯ ಮೇಷ್ಟ್ರು
ನಮ್ಮ ಬಾಲ್ಯದಲ್ಲಿ ಅಡುಗೆಮನೆಯ ತುಂಬ ಸೌದೆ ಒಲೆಯ ಹೊಗೆ, ಪಡಸಾಲೆಯ ತುಂಬ ಬೀಡಿಯ ಹೊಗೆ ಇರುತ್ತಿತ್ತು. ನಾವೆಲ್ಲ ಗಟ್ಟಿಯಾಗಿಯೇ ಬೆಳೆದೆವು. ವಯಸ್ಸಾದವರ ಒಂದು ಅಭ್ಯಾಸಕ್ಕೆ ಇಷ್ಟು ಗದ್ದಲ ಬೇಕೆ ಎನಿಸುತ್ತದೆ.

ಉತ್ತರ: ತುಂಗಾತೀರ
ಮೇಷ್ಟ್ರೇ, ಆಗ ಉಬ್ಬಸದಿಂದ ರಾತ್ರಿಯಿಡೀ ಗೋಡೆಗೆ ಒರಗಿ ಕುಳಿತಿರುತ್ತಿದ್ದವರು ಊರಿಗೊಬ್ಬರಾದರೂ ಇದ್ದರು, ನಾವು ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಸ್ಕಾಟ್ಲೆಂಡಿನಲ್ಲಿ ಲೆಕ್ಕ ಹಿಡಿದರು. ಅಲ್ಲಿ ಅಸ್ತಮಾದಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ವರ್ಷಕ್ಕೆ ಸರಾಸರಿ ಶೇ 5ರಷ್ಟು ಏರುತ್ತಿತ್ತು. 2006ರ ಮಾರ್ಚ್‌ನಲ್ಲಿ ಒಳಾಂಗಣದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧವಾದ ನಂತರ ಅದು ವರ್ಷಕ್ಕೆ ಶೇ 18ರಷ್ಟು ಇಳಿಯಿತು. ನಮ್ಮಲ್ಲಿಯೂ 2008ರ ಅಕ್ಟೋಬರ್ 2ರಿಂದ ಅಂಥ ನಿಯಮವಿದೆ, ಆದರೆ ಮನೆಯ ಹೊಸ್ತಿಲೊಳಗೆ ಅದು ಬರುವುದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ 38.7ರಷ್ಟು ಮಂದಿ ಮನೆಯಲ್ಲಿಯೇ ಇತರರ ಹೊಗೆಗೆ ಒಳಗಾಗುತ್ತಿದ್ದರು.

ಸೌದೆ ಒಲೆಯ ಹೊಗೆಯೂ ಇಂಥ ಮಗುವಿಗೆ ಕೆಟ್ಟದ್ದೇ. ಅಂದ ಹಾಗೆ, ರಾತ್ರಿ ಸೊಳ್ಳೆಬತ್ತಿ ಹಚ್ಚುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಒಂದು ಬತ್ತಿ ಬಿಡುವ ಸೂಕ್ಷ್ಮ ಕಣಗಳು ಸುಮಾರು ನೂರು ಸಿಗರೇಟಿನಷ್ಟಾಗಬಹುದೆಂದು ಪ್ರಯೋಗಾಲಯದ ಅಳತೆ ಹೇಳುತ್ತದೆ. ಬೆಳಗಿನ ಜಾವದ ಸದ್ದಿಗೆ ಅದೂ ಕಾರಣವಿರಬಹುದು.

ಉತ್ತರ: ಬಿಟ್ಟವನು
ನಾನೂ ಒಬ್ಬ ತಾತನೇ, ಸಿಗರೇಟು ಬಿಟ್ಟವನು. ಸೊಸೆ ಹೇಳಿದ್ದರೆ ನನಗೆ ಮುಖಭಂಗವಾದಂತೆ ಅನಿಸುತ್ತಿತ್ತೇನೋ. ಮೊಮ್ಮಗಳ ತಪಾಸಣೆಗೆ ನನ್ನನ್ನೇ ಕಳುಹಿಸಿದರು, ವೈದ್ಯರು ಅವಳ ಅಂಗಿ ಎತ್ತಿ, ಉಸಿರೆಳೆದಾಗಲೆಲ್ಲ ಪಕ್ಕೆಯ ಸಂದು ಒಳಕ್ಕೆ ಹೋಗುವುದನ್ನು ನನಗೇ ತೋರಿಸಿದರು. ನೀವೂ ಮುಂದಿನ ಸಲ ಮಾವನವರ ಜೊತೆಯಲ್ಲಿಯೇ ಹೋಗಿ. ಬಿಡುವ ಮನಸ್ಸಾದರೆ 1800-11-2356 ಎಂಬ ಉಚಿತ ಸಹಾಯವಾಣಿಯಿದೆ. ಈ ವಯಸ್ಸಿನಲ್ಲಿ ಒಮ್ಮೆಗೇ ಬಿಡಲಾಗದಿದ್ದರೆ ಬೈಯಬೇಡಿ.

ಬೆಣ್ಣೆನಗರಿ
ಎಲ್ಲರಿಗೂ ವಂದನೆಗಳು. ಸೊಳ್ಳೆಬತ್ತಿ ಹಚ್ಚುತ್ತಿದ್ದುದು ನಿಜ. ಇಂದೇ ಪರದೆ ತರಿಸುತ್ತೇನೆ. ಮುಂದಿನ ತಪಾಸಣೆಗೆ ಮಾವನವರನ್ನೇ ಕರೆದುಕೊಂಡು ಹೋಗುವಂತೆ ಯಜಮಾನರಿಗೆ ಹೇಳಿದ್ದೇನೆ. ಅಲ್ಲಿಯವರೆಗೆ ಅವರ ಕುರ್ಚಿಯನ್ನು ಹಿತ್ತಲಿನ ತೆಂಗಿನ ಮರದ ಬುಡಕ್ಕೆ ಸಾಗಿಸಲು ಅತ್ತೆಯವರು ಒಪ್ಪಿದ್ದಾರೆ.