ಬಳಪ, ಕೆಮ್ಮಣ್ಣು ತಿನ್ನೋ ಬಯಕೆ ಯಾಕೆ ಬರುತ್ತೆ? ತಂಗಿ ಬಿಡ್ತಾನೇ ಇಲ್ಲ

ಘಟಪ್ರಭಾ ದಂಡೆ, ಬಾಗಲಕೋಟೆ
ಕುಬಸ ಮುಗಿಸಿ ತಂಗಿ ತವರಿಗೆ ಬಂದಿದ್ದಾಳೆ, ಈಗ ಏಳನೇ ತಿಂಗಳು. ನಿನ್ನೆ ಹಾಸಿಗೆ ಝಾಡಿಸುವಾಗ ದಿಂಬಿನ ಕವರಿನಿಂದ ಬಳಪದ ತುಂಡುಗಳು ಉದುರಿದವು, ತುದಿಗೆಲ್ಲ ಹಲ್ಲಿನ ಗುರುತು. ಕೇಳಿದರೆ ಅತ್ತುಬಿಟ್ಟಳು. ಹಿತ್ತಲ ಗೋಡೆಗೆ ನೀರು ಚಿಮುಕಿಸಿ ವಾಸನೆ ತಗೊಳ್ತಾಳೆ, ಕೆಮ್ಮಣ್ಣಿನ ಹೆಂಟೆಯನ್ನೂ ಬಾಯಿಗೆ ಹಾಕ್ಕೊಳ್ತಾಳಂತೆ. ಅವ್ವ "ಬಸುರಿ ಬಯಕೆ, ತಿನ್ನಲಿ ಬಿಡು" ಅಂತಾಳೆ, ಅಪ್ಪ ಬೈತಾರೆ. ಇದು ಯಾಕೆ ಆಗುತ್ತೆ? ಕೂಸಿಗೆ ತೊಂದರೆ ಇದೆಯಾ?

ಸಿಂದಗಿ ಸಿಸ್ಟರ್
ಅಕ್ಕಾ, ಮೊದಲು ಅಪ್ಪಾಜಿಗೆ ಬೈಯೋದು ನಿಲ್ಲಿಸೋಕೆ ಹೇಳಿ. ಬೈದಷ್ಟೂ ಕದ್ದು ತಿಂತಾರೆ, ಡಾಕ್ಟರ ಮುಂದೆ ಬಾಯೇ ಬಿಡಲ್ಲ. ಹೆರಿಗೆ ವಾರ್ಡಿನಲ್ಲಿ ಇದನ್ನು ನೋಡ್ತಾನೇ ಇರ್ತೀವಿ. ಡಾಕ್ಟರು ಇದಕ್ಕೆ ಪೈಕಾ ಅಂತಾರೆ. ಬಸುರಿಯರಲ್ಲಿ ಬಹಳ ಸಲ ಕಬ್ಬಿಣಾಂಶ ಇಳಿದಾಗ ಕಾಣುತ್ತೆ. ತಾಯಿ ಕಾರ್ಡಿನಲ್ಲಿ ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್, ಎಷ್ಟಿದೆ ನೋಡಿ. 11ಕ್ಕಿಂತ ಕಡಿಮೆ ಇದ್ದರೆ ರಕ್ತ ಕಡಿಮೆ ಅಂತಲೇ ಅರ್ಥ, 7ಕ್ಕಿಂತ ಕೆಳಗಿದ್ದರೆ ಅವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ.

ಮೈಗೆ ಕಬ್ಬಿಣ ಬೇಕು, ಅದಕ್ಕೇ ಮಣ್ಣು ಕೇಳುತ್ತೆ ಅನ್ನೋರು ತುಂಬಾ ಜನ. ಅಷ್ಟು ಸರಳ ಅಲ್ಲ. ಕಬ್ಬಿಣ ಇಳಿದವರು ಐಸನ್ನೂ ಕಟಕಟ ಅಗೀತಾರೆ, ಐಸಿನಲ್ಲಿ ಯಾವ ಕಬ್ಬಿಣ ಇದೆ ಹೇಳಿ? ಜೇಡಿಮಣ್ಣು ಹೊಟ್ಟೆಗೆ ಹೋದರೆ ಊಟದಲ್ಲಿರೋ ಕಬ್ಬಿಣವನ್ನೂ ಹಿಡಿದಿಟ್ಟು ರಕ್ತಕ್ಕೆ ಸೇರೋಕೆ ಬಿಡಲ್ಲ. ರಕ್ತ ಕಡಿಮೆ ಅಂತ ಮಣ್ಣು, ಮಣ್ಣು ತಿಂದು ರಕ್ತ ಇನ್ನೂ ಕಡಿಮೆ. ಜೊತೆಗೆ ಜಂತುಹುಳದ ಮೊಟ್ಟೆ. ಹಳೇ ಪೇಂಟಿನ ಗೋಡೆಯಾದರೆ ಸೀಸ ಇರಬಹುದು, ಅದು ಕೂಸಿನ ಮೆದುಳಿಗೇ ಕೆಟ್ಟದ್ದು. ಅವ್ವನಿಗೆ ಇದನ್ನು ಸಮಾಧಾನದಿಂದ ತಿಳಿಸಿ.

ಬೆಳಗಾವಿ ವೈನಿ
ನನಗೆ ಹಸಿ ಅಕ್ಕಿ. ಕುಕ್ಕರಿಗೆ ತೊಳೆದಿಟ್ಟ ಅಕ್ಕಿಯಲ್ಲಿ ಒಂದು ಹಿಡಿ ಬಾಯಿಗೆ ಹೋಗದೆ ಅನ್ನ ಇಡೋಕೆ ಆಗ್ತಿರಲಿಲ್ಲ, ಆ ಆಸೆ ಹಸಿವಿನ ಥರ ಅಲ್ಲವೇ ಅಲ್ಲ, ತಲೆಯಲ್ಲಿ ಅದೊಂದೇ ಸುತ್ತುತ್ತಾ ಇರುತ್ತೆ. ಕಬ್ಬಿಣದ ಮಾತ್ರೆ ಶುರು ಮಾಡಿದ ಮೇಲೆ ಎಚ್‌ಬಿ ಏರೋದಕ್ಕೂ ಮೊದಲೇ ಆಸೆ ಹೋಯ್ತು! ಮಾತ್ರೆಯಿಂದ ಮಲ ಕಪ್ಪಾಗುತ್ತೆ, ಮಲಬದ್ಧತೆನೂ ಆಗಬಹುದು, ಹೆದರಿ ಬಿಟ್ಟುಬಿಡಬಾರದು. ಊಟದ ಹಿಂದೆಯೇ ಚಹಾ ಬೇಡ, ನಮ್ಮ ಕಡೆ ಇದೇ ದೊಡ್ಡ ಕಷ್ಟ. ಸಜ್ಜಿ ರೊಟ್ಟಿ, ಕಾಳಿನ ಪಲ್ಯದ ಮೇಲೆ ಇಂಡಿ ಲಿಂಬೆ ಹಿಂಡಿ ಕೊಡಿ, ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತೆ.

ಅಥಣಿ ಅಪ್ಪ
ಎಲ್ಲಾ ಕಡೆ ರಕ್ತದ ಕಾರಣವೇ ಇರುತ್ತೆ ಅಂತಲ್ಲ. ಎರಡು ವರ್ಷದೊಳಗಿನ ಕೂಸು ಸಿಕ್ಕಿದ್ದೆಲ್ಲ ಬಾಯಿಗೆ ಹಾಕೋದು ಸಹಜ. ನನ್ನ ಮಗ ನಾಲ್ಕು ತುಂಬಿದರೂ ಗೋಡೆ ಕೆರೆದು ತಿಂತಿದ್ದ. ಡಾಕ್ಟರು ರಕ್ತ, ಸೀಸ ಎರಡೂ ಪರೀಕ್ಷೆ ಮಾಡಿಸಿ, ಮಾತು, ಆಟ, ನಡವಳಿಕೆ ಎಲ್ಲ ವಿಚಾರಿಸಿದರು, ಆಟಿಸಂ ಇರೋ ಮಕ್ಕಳಲ್ಲೂ ಇದು ಜಾಸ್ತಿಯಂತೆ. ದೊಡ್ಡವರಲ್ಲಿ ಮನಸ್ಸಿನ ಒತ್ತಡವೂ ಸೇರಿರಬಹುದು, ತಂಗಿ ಹತ್ತಿರ ಸುಮ್ನೆ ಕೂತು ಮಾತಾಡಿ.

ಘಟಪ್ರಭಾ ದಂಡೆ, ಬಾಗಲಕೋಟೆ
ಕಾರ್ಡ್ ನೋಡಿದೆ ಸಿಸ್ಟರ್, 8.6 ಇದೆ. ಮಾತ್ರೆ ಕೊಟ್ಟಿದ್ದಾರೆ, ವಾಕರಿಕೆ ಅಂತ ಅವಳು ತಗೊಂಡೇ ಇಲ್ಲ. 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಇರುತ್ತಲ್ಲ, ಅಲ್ಲಿವರೆಗೆ ಕಾಯಬಹುದಾ?

ಸಿಂದಗಿ ಸಿಸ್ಟರ್
ಕಾಯಬೇಡಿ, ನಾಳೆಯೇ ಹೋಗಿ. ವಾಕರಿಕೆ ಇದ್ದರೆ ರಾತ್ರಿ ಊಟ ಆಗಿ ಸ್ವಲ್ಪ ಹೊತ್ತಿನ ಮೇಲೆ ತಗೊಳ್ಳಲಿ. ಅದೂ ಆಗದಿದ್ದರೆ ನರಕ್ಕೆ ಕೊಡೋ ಕಬ್ಬಿಣದ ಇಂಜೆಕ್ಷನ್ ಇದೆ, ಡಾಕ್ಟರು ನೋಡಿ ನಿರ್ಧರಿಸ್ತಾರೆ. ಜಂತಿನ ಮಾತ್ರೆ ಆಗಿದೆಯಾ ಅಂತಲೂ ಕೇಳಿ. ಬಳಪ, ಮಣ್ಣಿನ ವಿಷಯ ನೀವೇ ಹೇಳಿಬಿಡಿ ಅಕ್ಕಾ, ಅವಳು ಹೇಳಲ್ಲ.